ಮನೆಯೂ ಸೇವೆಯೇ: ಹರ್ಮನ್ ಮೋಗ್ಲಿಂಗ್ ಅವರ ಜೀವನದಿಂದ ನಾವು ಕಲಿಯಬೇಕಾದದ್ದು

  

ಹೋದ ತಿಂಗಳು ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಬಂದು ನನ್ನನ್ನು ಒಂದು ಪ್ರಶ್ನೆ ಕೇಳಿದ. ಬ್ರದರ್, ಮದುವೆ ಮಾಡಿಕೊಂಡ್ರೆ ಸೇವೆಗೆ ಅಡ್ಡಿ ಆಗಲ್ವಾ? ಅಂದ. ಅವನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನನಗೂ ಎರಡು ಚಿಕ್ಕ ಮಕ್ಕಳಿದ್ದಾರೆ, ವಾರಪೂರ್ತಿ ಆಫೀಸ್ ಇದೆ, ಭಾನುವಾರ ಈ ಪುಲ್ಪಿಟ್ ಇದೆ. ಮನೆ ಒಂದು ಕಡೆ, ಸೇವೆ ಒಂದು ಕಡೆ ಎಳೆಯುವುದು ಹೇಗಿರುತ್ತೆ ಅಂತ ನನಗೆ ಗೊತ್ತು. ಅದಕ್ಕೇ ಇವತ್ತು ಈ ಎಳೆತವನ್ನು ಬದುಕಿ ತೋರಿಸಿದ ಒಬ್ಬ ದೇವರ ಮನುಷ್ಯನ ಜೀವನವನ್ನು ನಿಮ್ಮ ಮುಂದೆ ಇಡ್ತೀನಿ. ಅವರ ಹೆಸರು ಹರ್ಮನ್ ಮೋಗ್ಲಿಂಗ್.

ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಕೈ ಎತ್ತಿ. ಪರವಾಗಿಲ್ಲ. ಜರ್ನಲಿಸಂ ಓದುತ್ತಿರುವವರಿಗೆ ಗೊತ್ತಿರುತ್ತೆ. ಪ್ರತಿ ವರ್ಷ ಜುಲೈ 1ನ್ನು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ ಅಂತ ಆಚರಿಸ್ತಾರಲ್ಲ, ಅದಕ್ಕೆ ಕಾರಣ ಇವರೇ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಇವರು ಹೊರತಂದ ಮಂಗಳೂರ ಸಮಾಚಾರವೇ ಕನ್ನಡದ ಮೊದಲ ಪತ್ರಿಕೆ. ಎರಡು ವಾರಕ್ಕೊಮ್ಮೆ, ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿದ್ದ ಪುಟ್ಟ ಪತ್ರಿಕೆ. ಮುಂದಿನ ವರ್ಷ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಅಂತ ಹೆಸರು ಬದಲಿಸಿಕೊಂಡಿತು.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದರು. ಅಲ್ಲೇ ಊರಲ್ಲಿ ಸಭಾಪಾಲಕರಾಗಿ, ಒಳ್ಳೆ ಸಂಬಳ, ಒಳ್ಳೆ ಮನೆ ಅಂತ ಇದ್ದುಬಿಡಬಹುದಾಗಿತ್ತು. ಆದರೆ ದೇವರ ಕರೆ ಬಂತು. 1836ರಲ್ಲಿ ಬಾಸೆಲ್ ಮಿಷನ್‌ನಿಂದ ಹಡಗು ಹತ್ತಿ ನಮ್ಮ ಕರಾವಳಿಗೆ ಬಂದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಇಲ್ಲಿ ಕೂತಿರುವ ತುಂಬಾ ಜನರ ವಯಸ್ಸು ಅದೇ, ಅಲ್ವಾ?

ಬಂದವರು ಮೊದಲು ಏನು ಮಾಡಿದ್ರು? ಕನ್ನಡ ಕಲಿತರು. ಬರೀ ಪ್ರಸಂಗ ಮಾಡುವಷ್ಟು ಕಲಿತು ಸುಮ್ಮನಾಗಲಿಲ್ಲ. ಗಾದೆ ಕೂಡಿಸಿದರು, ಹಳೇ ಓಲೆಗರಿ ಹುಡುಕಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಇವನ್ನೆಲ್ಲ ಅಚ್ಚು ಹಾಕಿಸಿದರು. ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಆ ಮಾಲೆಗೆ ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದ ಸಹಾಯ ಇತ್ತು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಈ ಕನ್ನಡ ಕೆಲಸಕ್ಕೆ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಕನ್ನಡ ಓದೋಕೆ ಬರಲ್ಲ ಬ್ರದರ್, ಇಂಗ್ಲಿಷ್ ಬೈಬಲ್ಲೇ ಸಾಕು ಅನ್ನುವ ನಮ್ಮ ಮಕ್ಕಳು ಇದನ್ನ ಸ್ವಲ್ಪ ಯೋಚನೆ ಮಾಡಬೇಕು. ಹೃದಯ ಮುಟ್ಟಬೇಕು ಅಂದ್ರೆ ಆ ಹೃದಯದ ಭಾಷೆ ಬರಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ಪ್ರಿಯರೇ, ಈ ಮೋಗ್ಲಿಂಗ್ ನಲವತ್ತು ದಾಟುವವರೆಗೂ ಮದುವೆ ಆಗಲಿಲ್ಲ. ಮಂಗಳೂರಿನಲ್ಲಿ ಶಾಲೆಯ ಹುಡುಗರೇ ಅವರ ಕುಟುಂಬ. ಅವರನ್ನ ಓದಿಸಿ, ಬೆಳೆಸಿ, ಸೇವೆಗೆ ತಯಾರು ಮಾಡುವುದೇ ಜೀವನ. ಅವರ ಶಿಷ್ಯರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಆತ ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಒಬ್ಬ ಮಗ ತಂದೆಯ ಹೆಸರು ಇಟ್ಟುಕೊಂಡ ಹಾಗೆ. ಅಂದ್ರೆ ಮದುವೆಗೆ ಮೊದಲೇ ಮೋಗ್ಲಿಂಗ್ ಒಬ್ಬ ತಂದೆಯಾಗಿದ್ದರು. ಸಿಂಗಲ್ ಆಗಿರುವ ನನ್ನ ತಮ್ಮ ತಂಗಿಯರೇ, ಮದುವೆ ಆದಮೇಲೆ ಜವಾಬ್ದಾರಿ ಕಲಿತೀನಿ ಅಂತ ಕಾಯಬೇಡಿ. ಸಂಡೇ ಸ್ಕೂಲಿನಲ್ಲಿ ಮಕ್ಕಳಿದ್ದಾರೆ. ಹಾಸ್ಟೆಲ್‌ನಲ್ಲಿ ಊರು ಬಿಟ್ಟು ಬಂದ ಜೂನಿಯರ್‌ಗಳಿದ್ದಾರೆ. ಅಲ್ಲಿಂದ ಶುರು ಮಾಡಿ.

ಆಮೇಲೆ 1852ರ ಹೊತ್ತಿಗೆ ಮೋಗ್ಲಿಂಗ್ ಆರೋಗ್ಯ ಕೆಟ್ಟು ಯೂರೋಪಿಗೆ ವಾಪಸ್ ಹೋಗುವ ಮಾತು ನಡೆದಿತ್ತು. ಆಗ ಕೊಡಗಿನಿಂದ ಆಲಮಂಡ ಸೋಮಯ್ಯ ಎಂಬ ಒಬ್ಬ ಸತ್ಯಾನ್ವೇಷಿ ಬಂದರು. ಆ ಒಬ್ಬ ಮನುಷ್ಯನಿಗೋಸ್ಕರ ಮೋಗ್ಲಿಂಗ್ ಹಡಗು ಬಿಟ್ಟು ಕೊಡಗಿಗೆ ಹೋದರು. ಸೋಮಯ್ಯನವರು ದೀಕ್ಷಾಸ್ನಾನ ಪಡೆದು ಸ್ತೆಫನಸ್ ಆದರು. ಮುಂದೆ ಕೌಂಡಿನ್ಯ ತಮ್ಮ ಪಿತ್ರಾರ್ಜಿತದ ಹಣ ಹಾಕಿ ಜಮೀನು ಮಾಡಿದರು. ಜೀತದಲ್ಲಿದ್ದ ದಲಿತ ಕುಟುಂಬಗಳು ಅಲ್ಲಿ ನೆಲೆ ನಿಂತವು. ಆ ಊರೇ ಆನಂದಪುರ, ಸಿದ್ದಾಪುರದ ಹತ್ತಿರ. ನೀವು ವೀಕೆಂಡ್‌ನಲ್ಲಿ ಹುಣಸೂರು ದಾಟಿ ಕೊಡಗಿಗೆ ಬೈಕ್ ರೈಡ್ ಹೋಗ್ತೀರಲ್ಲ, ಒಂದು ಸಲ ಆ ಕಡೆಗೂ ತಿರುಗಿಸಿ.

ಈ ನಡುವೆ 1855ರಲ್ಲಿ ಒಂದು ಸಾವು ಬಂತು. ಗಾಟ್‌ಫ್ರೀಡ್ ವೈಗ್ಲೆ ತೀರಿಹೋದರು. ಅವರು ಮೋಗ್ಲಿಂಗ್‌ಗೆ ಸಂಬಂಧಿಯೂ ಹೌದು, ಜೊತೆಗಾರರೂ ಹೌದು. ಕನ್ನಡ ಬೈಬಲ್ ಅನುವಾದಕ್ಕೆ ದುಡಿದವರು, ನಿಘಂಟಿಗೆ ಅಂತ ಪದ ಕೂಡಿಸುತ್ತಿದ್ದವರು. ಇನ್ನೂ ನಲವತ್ತು ಆಗಿರಲಿಲ್ಲ. ಹೆಂಡತಿ ಪೌಲೀನ ಮತ್ತು ನಾಲ್ಕು ಮಕ್ಕಳನ್ನು ಬಿಟ್ಟು ಹೋದರು. ಯೋಚನೆ ಮಾಡಿ. ಪರದೇಶ, ತವರು ಅಂದ್ರೆ ತಿಂಗಳುಗಟ್ಟಲೆ ಸಮುದ್ರದ ಆಚೆ. ನಾವಾದ್ರೆ ಏನು ಮಾಡ್ತೀವಿ? ವಾಟ್ಸಾಪ್ ಗ್ರೂಪಿನಲ್ಲಿ ಕೈ ಮುಗಿಯುವ ಎಮೋಜಿ ಹಾಕ್ತೀವಿ. ಪ್ರಾರ್ಥನೆಯಲ್ಲಿ ನೆನೆಸ್ತೀವಿ ಅಂತ ಬರೀತೀವಿ.

ಮೋಗ್ಲಿಂಗ್ ಪೌಲೀನ ಅವರನ್ನು ಮದುವೆಯಾದರು. ಆ ಮಕ್ಕಳಿಗೆ ತಂದೆಯಾದರು. ಇಪ್ಪತ್ತು ವರ್ಷ ಒಂಟಿಯಾಗಿ ಎಲ್ಲಿ ಬೇಕಾದರೂ ನಡೆದು ಹೋಗುತ್ತಿದ್ದ ಮನುಷ್ಯ, ನಲವತ್ತೈದರ ಆಸುಪಾಸಿನಲ್ಲಿ ಒಂದೇ ಸಲಕ್ಕೆ ಗಂಡನೂ ಆದರು, ನಾಲ್ಕು ಮಕ್ಕಳ ಅಪ್ಪನೂ ಆದರು. ಅಪೊಸ್ತಲನಾದ ಯಾಕೋಬನು ತನ್ನ ಪತ್ರಿಕೆಯಲ್ಲಿ ಶುದ್ಧ ಭಕ್ತಿಯ ಬಗ್ಗೆ ಹೇಳುವಾಗ ಯಾರನ್ನು ನೆನೆಸ್ತಾನೆ? ವಿಧವೆಯರನ್ನು, ದಿಕ್ಕಿಲ್ಲದ ಮಕ್ಕಳನ್ನು. ಈ ವಾಕ್ಯದ ಮೇಲೆ ಪ್ರಸಂಗ ಮಾಡೋದು ಸುಲಭ. ಮೋಗ್ಲಿಂಗ್ ಅದನ್ನ ಮನೆಗೇ ಕರಕೊಂಡು ಬಂದರು. ನಜರೇತಿನ ಯೋಸೇಫನನ್ನು ನೆನಪು ಮಾಡಿಕೊಳ್ಳಿ. ಅವನು ಮಾಡಿದ ಒಂದು ಪ್ರಸಂಗವೂ ಬೈಬಲ್‌ನಲ್ಲಿ ಇಲ್ಲ. ತಾನು ಹುಟ್ಟಿಸದ ಮಗನನ್ನು ತನ್ನ ಮಗನಾಗಿ ಸಾಕಿದ, ಅಷ್ಟೇ. ಅದಕ್ಕಿಂತ ದೊಡ್ಡ ಸೇವೆ ಯಾವುದಿದೆ? ಆಮೆನ್ ಅನ್ನೋಣವಾ?

ಮುಂದಿನದು ಕಷ್ಟದ ಭಾಗ. 1860. ಆನಂದಪುರದ ಕೆಲಸ ಈಗಷ್ಟೇ ಚಿಗುರುತ್ತಿತ್ತು. ಪೌಲೀನ ಅವರ ಆರೋಗ್ಯ ಕುಸಿಯಿತು. ಎರಡು ದಾರಿ ಇತ್ತು: ಇಲ್ಲೇ ಉಳಿಯುವುದು, ಇಲ್ಲ ಹೆಂಡತಿಯನ್ನು ಕರೆದುಕೊಂಡು ಜರ್ಮನಿಗೆ ಹೋಗುವುದು. ಮೋಗ್ಲಿಂಗ್ ಹೊರಟರು. ಎಂಟು ವರ್ಷದ ಹಿಂದೆ ತನ್ನ ಆರೋಗ್ಯಕ್ಕೋಸ್ಕರ ಹಡಗು ಹತ್ತದವರು, ಹೆಂಡತಿಯ ಆರೋಗ್ಯಕ್ಕೋಸ್ಕರ ಹತ್ತಿದರು. ಮತ್ತೆ ಅವರು ಈ ನೆಲಕ್ಕೆ ಬರಲೇ ಇಲ್ಲ.

ಇಪ್ಪತ್ತನಾಲ್ಕು ವರ್ಷದ ಸೇವೆ ಅಲ್ಲಿಗೆ ನಿಂತಿತು ಅಂತ ನಾವು ಅಂದುಕೊಳ್ಳಬಹುದು. ನಾನು ಇದನ್ನು ಓದಿದಾಗ ತುಂಬಾ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿದ್ದೆ. ಯಾಕಂದ್ರೆ ಇದಕ್ಕೆ ವಿರುದ್ಧವಾದ ಕಥೆಗಳನ್ನೇ ನಾವು ಸಾಕ್ಷಿ ಅಂತ ಹೇಳಿ ಚಪ್ಪಾಳೆ ತಟ್ಟಿದ್ದೀವಿ. ಹೆಂಡತಿ ಆಸ್ಪತ್ರೆಯಲ್ಲಿದ್ದರೂ ಕನ್ವೆನ್ಷನ್ ಬಿಡಲಿಲ್ಲ, ಮಗು ಹುಟ್ಟಿದ ದಿನವೂ ಮೀಟಿಂಗ್ ಮಾಡಿದೆ ಅಂತ. ಹಾಗೆ ಮಾಡಿದವರನ್ನ ನಾನು ತೀರ್ಪು ಮಾಡಲ್ಲ, ಅದು ಅವರಿಗೂ ದೇವರಿಗೂ ಬಿಟ್ಟದ್ದು. ಆದರೆ ಹಾಸಿಗೆ ಹಿಡಿದ ಹೆಂಡತಿಯ ಪಕ್ಕ ಕೂತವನು ಸೇವೆ ಬಿಟ್ಟವನು ಅಂತ ದಯವಿಟ್ಟು ಯಾರೂ ಹೇಳಬೇಡಿ. ಸಭೆಯನ್ನು ನಡೆಸುವವನು ಮೊದಲು ತನ್ನ ಮನೆಯನ್ನು ನೋಡಿಕೊಳ್ಳಬೇಕು ಅಂತ ಪೌಲನು ತಿಮೊಥೆಯನಿಗೆ ಬರೆದದ್ದು ಸುಮ್ಮನೆ ಅಲ್ಲ.

ಇನ್ನು ದೇವರು ಅವರನ್ನ ಅಲ್ಲಿ ಬಿಟ್ಟುಬಿಟ್ಟನಾ? ಇಲ್ಲ. ಜರ್ಮನಿಯಲ್ಲಿ ಕೂತೇ ಮೋಗ್ಲಿಂಗ್ ಕೊಡಗಿನ ಬಗ್ಗೆ ಬರೆದರು, ದಾಸರ ಪದಗಳನ್ನ ಜರ್ಮನ್ ಭಾಷೆಗೆ ತಂದರು. 1853ರಲ್ಲಿ ಬಂದಿದ್ದ ಕಿರಿಯ ಮಿಷನರಿ ಫರ್ಡಿನೆಂಡ್ ಕಿಟೆಲ್ ಅವರ ಬೆನ್ನಿಗೆ ನಿಂತರು. ಕನ್ನಡ ಕೆಲಸ ಬಿಡಬೇಡ ಅಂತ ಪ್ರೋತ್ಸಾಹ ಕೊಟ್ಟರು. ಅದೇ ಕಿಟೆಲ್ 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಇವತ್ತಿಗೂ ನಮ್ಮ ಮಾನಸಗಂಗೋತ್ರಿಯಲ್ಲಿ ಕನ್ನಡ ಸಂಶೋಧನೆ ಮಾಡುವವರು ಅದನ್ನ ತೆರೆಯದೆ ಮುಂದೆ ಹೋಗಲ್ಲ. ಅದನ್ನು ನೋಡೋಕೆ ಮೋಗ್ಲಿಂಗ್ ಇರಲಿಲ್ಲ. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು.

ಹಾಗಾದ್ರೆ ಆ ತಮ್ಮನಿಗೆ ನನ್ನ ಉತ್ತರ ಏನು? ಮದುವೆ ಸೇವೆಗೆ ಅಡ್ಡಿ ಆಗುತ್ತೆ, ಕೆಲವು ಸಲ ನಿಜವಾಗಿಯೂ ಆಗುತ್ತೆ. ನಿನ್ನ ಪ್ಲಾನ್ ಅರ್ಧಕ್ಕೆ ನಿಲ್ಲಬಹುದು. ಆದರೆ ನಿನ್ನನ್ನು ಕರೆದ ದೇವರೇ ಆ ಮನುಷ್ಯರನ್ನೂ ನಿನ್ನ ಕೈಗೆ ಕೊಟ್ಟಿದ್ದಾನೆ. ಅವನು ಕೊಟ್ಟದ್ದನ್ನು ಅಡ್ಡಿ ಅಂತ ಲೆಕ್ಕ ಹಾಕಬೇಡ. ಈ ವಾರ ಎಲ್ಲರೂ ಒಂದು ಕೆಲಸ ಮಾಡಿ. ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ಮದುವೆ ಆದವರು ಒಂದು ಸಂಜೆ ಫೋನ್ ಬದಿಗಿಟ್ಟು ಮನೆಯಲ್ಲಿರಿ. ನಮ್ಮ ಸಭೆಯಲ್ಲೇ ತಂದೆ ಇಲ್ಲದ ಮಕ್ಕಳಿದ್ದಾರೆ. ಅವರ ಸ್ಕೂಲ್ ಫೀಸ್ ಯಾರು ಕಟ್ತಾರೆ ಅಂತ ಒಂದು ಸಲ ವಿಚಾರಿಸಿ.

ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ತಂದೆಯಾದ ದೇವರೇ, ನಿನಗೆ ಸ್ತೋತ್ರ. ದೂರದ ಊರಿಂದ ಬಂದು ನಮ್ಮ ಭಾಷೆಯನ್ನು ಪ್ರೀತಿಸಿದ ಈ ನಿನ್ನ ದಾಸನಿಗಾಗಿ ಸ್ತೋತ್ರ. ನಮ್ಮ ಮನೆಗಳಲ್ಲಿ ಕಾಯಿಲೆ ಇರುವವರನ್ನು ಮುಟ್ಟು. ಅವರ ಪಕ್ಕದಲ್ಲಿ ಎಚ್ಚರ ಇರುವವರಿಗೆ ಬಲ ಕೊಡು. ಗಂಡನಿಲ್ಲದ ತಾಯಂದಿರಿಗೂ ತಂದೆಯಿಲ್ಲದ ಮಕ್ಕಳಿಗೂ ನಮ್ಮ ಮನೆ ಬಾಗಿಲು ತೆರೆದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್. ಹಲ್ಲೆಲೂಯಾ.