ಫ್ರಾನ್ಸ್ ದೇಶದ ಕ್ಷೌರಿಕ ವೈದ್ಯ ಆಂಬ್ರುವಾಜ್ ಪಾರೆ



ಮಠದ ಉಚಿತ ಪ್ರಸಾದ ನಿಲಯಕ್ಕೆ ಸೇರಬಯಸುವ ವಿದ್ಯಾರ್ಥಿಗಳ ಅರ್ಜಿಗಳನ್ನು ಪ್ರತಿ ವರ್ಷ ನಾವೇ ಕುಳಿತು ಪರಿಶೀಲಿಸುತ್ತೇವೆ. ಈ ಸಲ ಒಂದು ಅರ್ಜಿಯಲ್ಲಿ ತಂದೆಯ ಉದ್ಯೋಗ ಬರೆಯುವ ಜಾಗ ಖಾಲಿ ಇತ್ತು. ಹುಡುಗನನ್ನು ಕರೆದು ಕೇಳಿದರೆ ತಲೆ ತಗ್ಗಿಸಿ ನಿಂತನೇ ಹೊರತು ಉತ್ತರ ಕೊಡಲಿಲ್ಲ. ತಂದೆಯದು ಕ್ಷೌರದ ಕಾಯಕವೆಂದು ಆಮೇಲೆ ತಿಳಿಯಿತು. ಬಸವಣ್ಣನವರ ಸನ್ನಿಧಿಯಲ್ಲಿದ್ದ ಹಡಪದ ಅಪ್ಪಣ್ಣನವರ ಹೆಸರು ಹೇಳುವ ಮನೆತನದ ಹುಡುಗನಿಗೆ ಈ ಸಂಕೋಚ ಬಂದದ್ದು ಅವನ ತಪ್ಪಲ್ಲ, ನಮ್ಮ ನಿಮ್ಮೆಲ್ಲರ ತಪ್ಪು. ಅಪ್ಪಣ್ಣನವರ ಚರಿತ್ರೆ ನಿಮಗೆ ಗೊತ್ತಿದ್ದದ್ದೇ. ಆದ್ದರಿಂದ ಈ ಸಂಚಿಕೆಯಲ್ಲಿ ಸಮುದ್ರದಾಚೆಯ ಒಬ್ಬ ಕ್ಷೌರಿಕನ ಜೀವನ ವೃತ್ತಾಂತವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ನಾವು ಚಿಕ್ಕವರಿದ್ದಾಗ ಊರ ಕ್ಷೌರಿಕರು ಗಡ್ಡ ತಲೆ ಮಾಡುವುದಷ್ಟೇ ಅಲ್ಲ, ಕುರು ಕೊಯ್ದು ಕೀವು ತೆಗೆಯುವುದು, ಕಾಲಲ್ಲಿ ಮುರಿದ ಮುಳ್ಳು ಕೀಳುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲವನ್ನೂ ಮಾಡುತ್ತಿದ್ದರು. ಅವರ ಮನೆಯ ಹೆಣ್ಣುಮಕ್ಕಳು ಸೂಲಗಿತ್ತಿಯರು. ಜೋಳದ ರಾಶಿಯಾದಾಗ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು. ಯುರೋಪಿನಲ್ಲಿಯೂ ನಾಲ್ಕೈದು ನೂರು ವರ್ಷಗಳ ಹಿಂದೆ ಹೆಚ್ಚು ಕಡಿಮೆ ಇದೇ ವ್ಯವಸ್ಥೆ ಇತ್ತು. ಪ್ಯಾರಿಸ್ ಪಟ್ಟಣದಲ್ಲಿ ಎಲ್ಲರಿಗಿಂತ ಮೇಲೆ ವಿಶ್ವವಿದ್ಯಾಲಯದ ವೈದ್ಯ ಪಂಡಿತರು. ಅವರು ಲ್ಯಾಟಿನ್ ಭಾಷೆಯಲ್ಲಿ ಓದಿದವರು, ರೋಗಿಯ ಗಾಯವನ್ನು ಕೈಯಿಂದ ಮುಟ್ಟುವುದು ತಮಗೆ ಕುಂದು ಎಂದು ತಿಳಿದವರು. ಅವರ ಕೆಳಗೆ ಸಾಂ ಕೋಮ್ ಎಂಬ ಸಂಘಕ್ಕೆ ಸೇರಿದ ಉದ್ದ ನಿಲುವಂಗಿಯ ಶಸ್ತ್ರವೈದ್ಯರು. ಎಲ್ಲರಿಗಿಂತ ಕೆಳಗೆ ಗಿಡ್ಡ ಅಂಗಿಯ ಕ್ಷೌರಿಕರು. ಗಡ್ಡ ಮಾಡುವುದು, ರಕ್ತ ತೆಗೆಯುವುದು, ಹುಣ್ಣು ಕೊಯ್ಯುವುದು ಇವರ ಪಾಲು. ವಿದೇಶದ ಕಟಿಂಗ್ ಅಂಗಡಿಗಳ ಮುಂದೆ ಕೆಂಪು ಬಿಳಿ ಪಟ್ಟೆಯ ಕಂಬ ಇರುತ್ತದಲ್ಲ, ಅದು ಆ ರಕ್ತದ ಮತ್ತು ಪಟ್ಟಿಯ ಗುರುತೇ ಎಂದು ಬಲ್ಲವರು ಹೇಳುತ್ತಾರೆ.

ಆಂಬ್ರುವಾಜ್ ಪಾರೆ ಹುಟ್ಟಿದ್ದು ಸುಮಾರು 1510ರಲ್ಲಿ, ಫ್ರಾನ್ಸಿನ ವಾಯವ್ಯ ಭಾಗದ ಲಾವಾಲ್ ಊರಿನ ಹತ್ತಿರ. ಲ್ಯಾಟಿನ್ ಕಲಿಯುವ ಭಾಗ್ಯ ಆತನಿಗೆ ಬರಲಿಲ್ಲ. ಕ್ಷೌರಿಕರ ಕೈಕೆಳಗೆ ಕಸುಬು ಕಲಿತು 1530ರ ನಂತರದ ವರ್ಷಗಳಲ್ಲಿ ಪ್ಯಾರಿಸ್ಸಿಗೆ ಬಂದು, ಅಲ್ಲಿಯ ಓತೆಲ್-ದಿಯು ಎಂಬ ಬಡವರ ದೊಡ್ಡ ಆಸ್ಪತ್ರೆಯಲ್ಲಿ ಸುಮಾರು ಮೂರು ವರ್ಷ ದುಡಿದ. ಗಾಯ ತೊಳೆದು, ಪಟ್ಟಿ ಕಟ್ಟಿ, ಸತ್ತವರ ದೇಹ ಕೊಯ್ದು ನೋಡಿ ಕಲಿತ ವಿದ್ಯೆ ಅದು. ಪುಸ್ತಕದಿಂದ ಬಂದದ್ದಲ್ಲ.

ಅಲ್ಲಿಂದ ಮುಂದೆ ದಂಡಿನ ಜೊತೆ ಹೊರಟ. ಒಂದನೇ ಫ್ರಾನ್ಸಿಸ್ ದೊರೆಗೂ ಐದನೇ ಚಾರ್ಲ್ಸ್ ಚಕ್ರವರ್ತಿಗೂ ಆಗ ಯುದ್ಧ. 1537ರ ಸುಮಾರಿಗೆ ಮಾಂತೆಜಾಂ ಎಂಬ ಸೇನಾನಿಯ ಪರಿವಾರದಲ್ಲಿ ಪಾರೆ ಇಟಲಿಯ ಟ್ಯೂರಿನ್ ಕಡೆಗೆ ಹೋದ. ಬಂದೂಕು ಆಗಿನ್ನೂ ಹೊಸದು. ಗುಂಡಿನ ಗಾಯದಲ್ಲಿ ಮದ್ದಿನ ವಿಷ ಸೇರುತ್ತದೆ, ಆ ವಿಷವನ್ನು ಸುಡಬೇಕಾದರೆ ಕುದಿಯುವ ಎಣ್ಣೆಯನ್ನು ಗಾಯದೊಳಗೆ ಹೊಯ್ಯಬೇಕು ಎಂದು ದೊಡ್ಡ ಗ್ರಂಥಗಳಲ್ಲಿ ಬರೆದಿತ್ತು. ಹೊಸಬನಾದ ಪಾರೆ ಎಲ್ಲರೂ ಮಾಡಿದಂತೆ ಮಾಡಿದ. ಒಂದು ದಿನ ಗಾಯಾಳುಗಳು ಬಹಳವಾಗಿ ಎಣ್ಣೆ ತೀರಿಹೋಯಿತು. ಉಳಿದವರಿಗೆ ಬೇರೆ ಗತಿಯಿಲ್ಲದೆ ತತ್ತಿಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕೂಡಿಸಿ ಲೇಪ ಹಚ್ಚಿದ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಎಣ್ಣೆ ಬೀಳದವರೆಲ್ಲ ವಿಷವೇರಿ ಸತ್ತಿರುತ್ತಾರೆ, ಆ ಪಾಪ ತನಗೆ ಬಂತು ಎಂಬ ಹೆದರಿಕೆ. ಬೆಳಕು ಹರಿಯುವ ಮೊದಲೇ ಎದ್ದು ಹೋಗಿ ನೋಡಿದರೆ ಲೇಪ ಹಚ್ಚಿಸಿಕೊಂಡವರು ಹೆಚ್ಚಿನ ನೋವಿಲ್ಲದೆ ಮಲಗಿದ್ದರು, ಗಾಯ ಬಾತಿರಲಿಲ್ಲ. ಕುದಿಯುವ ಎಣ್ಣೆ ಬಿದ್ದವರು ಜ್ವರ ಏರಿ, ಗಾಯ ಊದಿಕೊಂಡು ನರಳುತ್ತಿದ್ದರು. ಇನ್ನು ಮುಂದೆ ಬಡ ಗಾಯಾಳುಗಳನ್ನು ಹೀಗೆ ಸುಡಬಾರದೆಂದು ಆತ ಅಂದೇ ನಿಶ್ಚಯಿಸಿದ.

ವಾಣಿಜ್ಯ ಶಾಸ್ತ್ರ ಓದಿದ ನಮಗೆ ಇದರಲ್ಲಿ ಕಂಡದ್ದು ಬೇರೆ. ಪಾರೆ ಲೆಕ್ಕ ಇಡುತ್ತಿದ್ದ. ಮಾಂತೆಜಾಂನ ಅಡುಗೆಮನೆಯ ಹುಡುಗನೊಬ್ಬ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಬಿದ್ದು ಸುಟ್ಟುಕೊಂಡಾಗ, ಔಷಧಿ ತರಲು ಹೋಗಿದ್ದ ಪಾರೆಗೆ ಹಳ್ಳಿಯ ಒಬ್ಬ ಮುದುಕಿ ಸಿಕ್ಕು, ಉಳ್ಳಾಗಡ್ಡಿ ಜಜ್ಜಿ ಉಪ್ಪು ಕೂಡಿಸಿ ಹಚ್ಚಲು ಹೇಳಿದಳು. ಪಂಡಿತನಾಗಿದ್ದರೆ ಮುದುಕಿಯ ಮಾತಿಗೆ ನಕ್ಕು ಮುಂದೆ ಹೋಗುತ್ತಿದ್ದ. ಈತ ಹಚ್ಚಿ ನೋಡಿದ. ಉಳ್ಳಾಗಡ್ಡಿ ತಾಗಿದ ಕಡೆ ಬೊಬ್ಬೆ ಏಳಲಿಲ್ಲ. ಅಷ್ಟಕ್ಕೇ ನಂಬಲಿಲ್ಲ. ಮದ್ದಿನಿಂದ ಮುಖ ಸುಟ್ಟುಕೊಂಡ ಒಬ್ಬ ಜರ್ಮನ್ ಕಾವಲುಗಾರ ಬಂದಾಗ ಮುಖದ ಅರ್ಧಕ್ಕೆ ಉಳ್ಳಾಗಡ್ಡಿ, ಇನ್ನರ್ಧಕ್ಕೆ ವಾಡಿಕೆಯ ಔಷಧಿ ಹಚ್ಚಿ ಎರಡನ್ನೂ ಹೋಲಿಸಿದ. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದ ಹಾಗೆ. (ಸೊಲ್ಲಾಪುರ ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ಹಾಕುವ ನಮ್ಮ ರೈತ ಬಾಂಧವರು ಇದನ್ನು ಓದಿ ಸುಟ್ಟಗಾಯಕ್ಕೆ ಹಚ್ಚಲು ಹೋಗಬಾರದು, ಈಗ ದವಾಖಾನೆ ಇದೆ.) ಇದೇ ಮನುಷ್ಯ ಟ್ಯೂರಿನ್ನಿನ ಒಬ್ಬ ಹೆಸರಾಂತ ವೈದ್ಯನನ್ನು ಎರಡು ವರ್ಷ ಓಲೈಸಿ ಆತನ ಗುಟ್ಟಿನ ಮುಲಾಮು ಕಲಿತ. ಅದರಲ್ಲಿ ಎಳೆಯ ನಾಯಿಮರಿಗಳನ್ನೂ ಎರೆಹುಳಗಳನ್ನೂ ಬೇಯಿಸಿ ಹಾಕುತ್ತಿದ್ದರು! ನಮ್ಮ ಓದುಗರಿಗೆ ಇದು ಹೇಸಿಗೆ ಎನಿಸಬಹುದು. ಆದರೆ ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಆ ಕಾಲದ ಅರಿವು ಅಷ್ಟೇ ಇತ್ತು.

ಮರಳಿ ಬಂದು 1541ರಲ್ಲಿ ಕ್ಷೌರಿಕ ಶಸ್ತ್ರವೈದ್ಯನೆಂದು ಪರವಾನಗಿ ಪಡೆದು, ಅದೇ ವರ್ಷ ಮದುವೆಯಾದ. 1545ರಲ್ಲಿ ಗುಂಡಿನ ಗಾಯಗಳ ಚಿಕಿತ್ಸೆಯ ಮೇಲೆ ಮೊದಲ ಪುಸ್ತಕ ಪ್ರಕಟಿಸಿದ. ಗಮನಿಸಬೇಕಾದ ಸಂಗತಿಯೆಂದರೆ ಅದನ್ನು ಬರೆದದ್ದು ಫ್ರೆಂಚಿನಲ್ಲಿ. ಲ್ಯಾಟಿನ್ ಬಾರದ್ದು ಒಂದು ಕಾರಣ ನಿಜ. ಆದರೆ ದಂಡಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ತನ್ನಂಥ ಕ್ಷೌರಿಕರಿಗೆ ತಿಳಿಯಬೇಕಾದರೆ ಅವರಾಡುವ ನುಡಿಯಲ್ಲಿಯೇ ಬರೆಯಬೇಕಿತ್ತು. ಹನ್ನೆರಡನೆಯ ಶತಮಾನದಲ್ಲಿಯೇ ಸಂಸ್ಕೃತವನ್ನು ಬದಿಗಿಟ್ಟು ಕನ್ನಡದಲ್ಲಿ ಅನುಭಾವ ನುಡಿದ ಶರಣರ ವಾರಸುದಾರರಿಗೆ, ಅದರಲ್ಲೂ ಗಡಿಯಾಚೆ ಕನ್ನಡ ಶಾಲೆ ಉಳಿಸಿಕೊಳ್ಳಲು ಹೆಣಗುವ ನಿಮಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೈಕಾಲು ಕತ್ತರಿಸಿದಾಗ ರಕ್ತ ನಿಲ್ಲಿಸಲು ಕಾದ ಕಬ್ಬಿಣದಿಂದ ಸುಡುವುದು ಆಗಿನ ಪದ್ಧತಿ. ಪಾರೆ 1552ರಲ್ಲಿ ದಾಂವಿಲ್ಲೇ ಮುತ್ತಿಗೆಯ ಹೊತ್ತಿಗೆ ರಕ್ತನಾಳದ ಬಾಯಿಯನ್ನು ಹಿಡಿದೆಳೆದು ದಾರದಿಂದ ಕಟ್ಟಿದ. ಗಾಯಗಳಿಗೆ ಹೀಗೆ ಕಟ್ಟುವುದನ್ನು ಪ್ರಾಚೀನರು ಬಲ್ಲರು, ಕಾಲು ಕತ್ತರಿಸುವಲ್ಲಿ ಅದನ್ನು ಬಳಸಿ ತೋರಿಸಿದ್ದು ಈತ. ರೋಗಾಣುಗಳ ಅರಿವು ಯಾರಿಗೂ ಇರದ ಕಾಲವಾದ್ದರಿಂದ ದಾರದಿಂದಲೇ ಗಾಯ ಕೊಳೆಯುವುದೂ ಇತ್ತು. ಆದ್ದರಿಂದ ಎಲ್ಲರೂ ಒಮ್ಮೆಲೇ ಒಪ್ಪಲಿಲ್ಲ.

ಅದೇ ವರ್ಷದ ಕೊನೆಗೆ ಮೆಟ್ಜ್ ಕೋಟೆಯನ್ನು ಚಕ್ರವರ್ತಿಯ ಸೈನ್ಯ ಸುತ್ತುವರಿಯಿತು. ಒಳಗಿದ್ದವರು ಗಾಯಗೊಂಡವರೆಲ್ಲ ಸಾಯುತ್ತಿದ್ದಾರೆ, ಪಾರೆಯನ್ನು ಕಳಿಸಿ ಎಂದು ದೊರೆಗೆ ಹೇಳಿಕಳಿಸಿದರು. ಶತ್ರು ಪಾಳೆಯದ ಒಬ್ಬ ಇಟಾಲಿಯನ್ ನಾಯಕನಿಗೆ ಹಣ ಕೊಟ್ಟು, ರಾತ್ರಿಯ ಹೊತ್ತು ಔಷಧಿಗಳ ಸಮೇತ ಆತನನ್ನು ಒಳಗೆ ಸೇರಿಸಲಾಯಿತು. ಸಿಪಾಯಿಗಳು ಆತನನ್ನು ಕಂಡು ಇನ್ನು ತಾವು ಸಾಯುವುದಿಲ್ಲವೆಂದು ಸಂತೋಷಪಟ್ಟರು. ಮರುವರ್ಷ ಎದಾಂ ಕೋಟೆ ಬಿದ್ದಾಗ ಪಾರೆ ಸೆರೆ ಸಿಕ್ಕ. ಯಾರೆಂದು ತಿಳಿದರೆ ದೊಡ್ಡ ಮೊತ್ತದ ಒತ್ತೆಹಣ ಕೇಳುತ್ತಾರೆಂದು ತನ್ನ ಮಖಮಲ್ಲಿನ ಅಂಗಿ ಕೊಟ್ಟು ಸಿಪಾಯಿಯ ಹರಕು ಬಟ್ಟೆ ತೊಟ್ಟುಕೊಂಡಿದ್ದ. ಆದರೆ ಕೈಗುಣ ಮುಚ್ಚಿಡಲು ಬರುತ್ತದೆಯೇ? ಶತ್ರು ಪಕ್ಷದ ಒಬ್ಬ ಸರದಾರನ ಕಾಲಿನ ಹಳೆಯ ಹುಣ್ಣನ್ನು ವಾಸಿ ಮಾಡಿ, ಒತ್ತೆಹಣ ಕೊಡದೆಯೇ ಬಿಡುಗಡೆ ಪಡೆದ.

1554ರಲ್ಲಿ ಸಾಂ ಕೋಮ್ ಸಂಘ ಲ್ಯಾಟಿನ್ ಬಾರದ ಈ ಕ್ಷೌರಿಕನನ್ನು ತನ್ನೊಳಗೆ ಸೇರಿಸಿಕೊಂಡಿತು. ಅರಮನೆಯ ಒತ್ತಾಸೆ ಇತ್ತೆನ್ನಿ. ವೈದ್ಯ ಪಂಡಿತರು ಸಿಟ್ಟಾದರು. 1559ರಲ್ಲಿ ಎರಡನೇ ಹೆನ್ರಿ ದೊರೆ ಕುದುರೆ ಕಾಳಗದ ಆಟದಲ್ಲಿ ಕಣ್ಣಿಗೆ ಈಟಿಯ ಸೀಳು ನಾಟಿ ಮಲಗಿದಾಗ ಪಾರೆಯೂ ಪ್ರಸಿದ್ಧ ವೈದ್ಯ ವೆಸಾಲಿಯಸ್ಸನೂ ಬಳಿಯಲ್ಲಿದ್ದರು, ಉಳಿಸಲಾಗಲಿಲ್ಲ. ಒಟ್ಟು ನಾಲ್ವರು ದೊರೆಗಳ ಸೇವೆ ಮಾಡಿದ. ಅವರಲ್ಲಿ ಒಂಬತ್ತನೇ ಚಾರ್ಲ್ಸನಿಗೆ ಎಲ್ಲ ವಿಷವನ್ನೂ ಇಳಿಸುವುದೆಂಬ ಖ್ಯಾತಿಯ, ಆಡಿನಂಥ ಪ್ರಾಣಿಯ ಹೊಟ್ಟೆಯಲ್ಲಿ ಸಿಗುವ ಕಲ್ಲೊಂದು ಬಂದಿತ್ತು. ಅಂಥ ಕಲ್ಲು ಇರಲಾರದೆಂದು ಪಾರೆ ವಾದಿಸಿದ. ಬೆಳ್ಳಿ ತಟ್ಟೆ ಕದ್ದು ಗಲ್ಲಿಗೆ ಗುರಿಯಾಗಿದ್ದ ಅಡುಗೆಯವನೊಬ್ಬನಿಗೆ ಆತನ ಒಪ್ಪಿಗೆಯಿಂದ ವಿಷ ಕೊಟ್ಟು ಕಲ್ಲನ್ನೂ ಕೊಟ್ಟು ನೋಡಿದರು. ಪಾಪ, ಸುಮಾರು ಏಳು ತಾಸು ಒದ್ದಾಡಿ ಸತ್ತ. ಪಾರೆಯ ಮಾತು ಗೆದ್ದಿತು, ಆದರೆ ಈ ಪ್ರಸಂಗ ನಮ್ಮ ಮನಸ್ಸಿಗೆ ಒಗ್ಗಿಲ್ಲವೆಂದು ಹೇಳಲೇಬೇಕು.

1575ರಲ್ಲಿ ಪಾರೆ ತನ್ನ ಜೀವಮಾನದ ಬರಹವನ್ನೆಲ್ಲ ಕೂಡಿಸಿ ದೊಡ್ಡ ಗ್ರಂಥವಾಗಿ ತಂದಾಗ ಪಂಡಿತರ ಸಹನೆ ತೀರಿತು. ಕೈ ಕಳೆದುಕೊಂಡವರಿಗೆ ಸ್ಪ್ರಿಂಗ್ ಹಾಕಿದ ಕಬ್ಬಿಣದ ಕೈ, ಕೃತಕ ಕಾಲುಗಳ ಚಿತ್ರಗಳು, ಅಡ್ಡ ನಿಂತ ಕೂಸನ್ನು ಹೊಟ್ಟೆಯೊಳಗೇ ತಿರುಗಿಸಿ ಹೆರಿಗೆ ಮಾಡಿಸುವ ಕ್ರಮ ಎಲ್ಲವೂ ಆ ಗ್ರಂಥದಲ್ಲಿದ್ದವು. (ನಂಬಲಾಗದ ವಿಚಿತ್ರ ಪ್ರಾಣಿಗಳ ಕಥೆಗಳೂ ಇದ್ದವು.) ಕ್ಷೌರಿಕನು ಜ್ವರದ ವಿಷಯ ಬರೆಯಬಹುದೇ, ಅದನ್ನೂ ಫ್ರೆಂಚಿನಲ್ಲಿ ಬರೆಯಬಹುದೇ, ತಮ್ಮ ಅನುಮತಿಯಿಲ್ಲದೆ ಮಾರಬಹುದೇ ಎಂದು ವಿಶ್ವವಿದ್ಯಾಲಯದವರು ಪ್ಯಾರಿಸ್ಸಿನ ನ್ಯಾಯಸಭೆಯ ಮೆಟ್ಟಿಲೇರಿದರು. ಪುಸ್ತಕ ಮಾತ್ರ ಖರ್ಚಾಗುತ್ತಲೇ ಹೋಯಿತು. 1579ರಲ್ಲಿ ಮತ್ತೆ ಅಚ್ಚಾಯಿತು. 1582ರಲ್ಲಿ ಆತನ ಶಿಷ್ಯನೊಬ್ಬ ಅದನ್ನು ಲ್ಯಾಟಿನ್ನಿಗೆ ಅನುವಾದಿಸಿ ಪ್ರಕಟಿಸಿದ. ಲ್ಯಾಟಿನ್ ಬಾರದವನ ಪುಸ್ತಕವನ್ನು ಲ್ಯಾಟಿನ್ ಬಲ್ಲವರು ಓದಬೇಕಾಯಿತು! 1585ರ ಆವೃತ್ತಿಯಲ್ಲಿ ಮುಪ್ಪಿನ ಪಾರೆ ತನ್ನನ್ನು ಹಳಿದ ಪಂಡಿತನಿಗೆ ಉತ್ತರವಾಗಿ ತಾನು ಹೋದ ದಂಡಯಾತ್ರೆಗಳ ಕಥೆಯನ್ನೇ ಬರೆದ. ಮೇಲೆ ನಾವು ಹೇಳಿದ ಮುತ್ತಿಗೆಯ ಸಂಗತಿಗಳೆಲ್ಲ ಅದರಲ್ಲಿವೆ.

ಮನೆಯ ಸುಖ ಆತನಿಗೆ ಹೆಚ್ಚು ದಕ್ಕಲಿಲ್ಲ. ಮಕ್ಕಳಲ್ಲಿ ಹಲವರು ಎಳವೆಯಲ್ಲೇ ತೀರಿಕೊಂಡರು. ಹೆಂಡತಿ 1573ರಲ್ಲಿ ತೀರಿದ ಮೇಲೆ ಎರಡನೆಯ ಮದುವೆಯಾದ. 1590ರಲ್ಲಿ ಪ್ಯಾರಿಸ್ಸಿಗೇ ಮುತ್ತಿಗೆ ಬಿದ್ದು ಜನ ಹಸಿವಿನಿಂದ ಸಾಯುತ್ತಿದ್ದ ಕಷ್ಟದ ವರ್ಷ, ಡಿಸೆಂಬರ್ 20ರಂದು ಪಾರೆ ಅದೇ ಪಟ್ಟಣದಲ್ಲಿ ಕಾಲವಾದ. 1634ರಲ್ಲಿ ಆತನ ಗ್ರಂಥ ಇಂಗ್ಲಿಷಿಗೂ ಬಂತು. ಫ್ರಾನ್ಸಿನಲ್ಲಿ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಕಾನೂನಿನಿಂದ ಬೇರೆ ಮಾಡಿದ್ದು 1743ರಲ್ಲಿ. ಆಮೇಲೆ ಡಾಕ್ಟರರೆನಿಸಿಕೊಂಡವರು ಗಡ್ಡ ಮಾಡುವುದನ್ನು ಬಿಟ್ಟರು, ಆದರೂ 1840ರಲ್ಲಿ ಲಾವಾಲ್ ಊರಿನವರು ತಮ್ಮ ಚೌಕದಲ್ಲಿ ನಿಲ್ಲಿಸಿಕೊಂಡದ್ದು ಈ ಕ್ಷೌರಿಕನ ಪ್ರತಿಮೆಯನ್ನೇ.