ಸೊಲೊಮೋನ ಪ್ಲಾಟ್ಯೆಯವರ ಜೀವಿತ

ಬಡವನನ್ನು ಕಂಡೊಡನೆ ಸೋಮಾರಿಯೆಂದು ಹಳಿಯುವುದು ಲೋಕದ ವಾಡಿಕೆಯಾಗಿದೆ. ಆದರೆ ಸರಕಾರದ ಕಾಯಿದೆಯೇ ಒಂದು ವರ್ಣದ ಜನರನ್ನೆಲ್ಲಾ ಬಡವರನ್ನಾಗಿ ಮಾಡುವುದುಂಟೆಂಬುದನ್ನು ನಾವು ದಕ್ಷಿಣ ಆಫ್ರಿಕದ ಸೊಲೊಮೋನ ಪ್ಲಾಟ್ಯೆಯವರ ಚರಿತ್ರೆಯಿಂದ ತಿಳಿಯಬಹುದು.

ಇವರು 1876ನೆಯ ಇಸವಿಯಲ್ಲಿ ಆರೆಂಜ್ ಫ್ರೀ ಸ್ಟೇಟ್ ಎಂಬ ಸೀಮೆಯೊಳಗೆ ತ್ಸ್ವಾನ ಜನಾಂಗದಲ್ಲಿ ಹುಟ್ಟಿದರು. ಕಿಂಬರ್ಲಿ ಪಟ್ಟಣದ ಬಳಿಯಲ್ಲಿರುವ ಪ್ನೀಲ್ ಎಂಬಲ್ಲಿ ಬರ್ಲಿನ್ ಮಿಶನಿನವರ ಶಾಲೆಯಲ್ಲಿ ಕಲಿತು, 1894ರಲ್ಲಿ ಅಂಚೆ ಕಚೇರಿಯ ಕೆಲಸಕ್ಕೆ ಸೇರಿದರು. ಮುಂದೆ ಮಾಫೆಕಿಂಗಿನ ನ್ಯಾಯಸ್ಥಾನದಲ್ಲಿ ದುಭಾಷಿಯಾಗಿಯೂ ಆಮೇಲೆ ಪತ್ರಿಕೆಯ ಸಂಪಾದಕರಾಗಿಯೂ ದುಡಿದರು. 1912ರಲ್ಲಿ ಮೂಲನಿವಾಸಿಗಳು ಒಂದು ಕಾಂಗ್ರೆಸನ್ನು ಸ್ಥಾಪಿಸಿದಾಗ ಇವರೇ ಅದರ ಮೊದಲನೆಯ ಕಾರ್ಯದರ್ಶಿಯಾದರು.

1913ನೆಯ ಜೂನ್ 19ರಂದು ಆ ದೇಶದಲ್ಲಿ ಭೂಮಿಯ ಕಾಯಿದೆಯೊಂದು ಜಾರಿಗೆ ಬಂತು. ದೇಶದ ಜನರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಿದ್ದ ಮೂಲನಿವಾಸಿಗಳಿಗೆ ನೂರಕ್ಕೆ ಸುಮಾರು 7 ಪಾಲು ಭೂಮಿಯನ್ನು ಮಾತ್ರ ಗೊತ್ತುಮಾಡಲಾಯಿತು. ಅದರ ಹೊರಗೆ ಅವರು ಬಿಳಿಯರಿಂದ ಭೂಮಿಯನ್ನು ಕೊಳ್ಳಲೂ ಗೇಣಿಗೆ ಹಿಡಿಯಲೂ ಕೂಡದು. ಫ್ರೀ ಸ್ಟೇಟಿನಲ್ಲಿ ಎಷ್ಟೋ ಕುಟುಂಬಗಳು ಸ್ವಂತ ಎತ್ತು ನೇಗಿಲುಗಳಿಂದ ಬಿಳಿಯರ ಹೊಲವನ್ನು ಉತ್ತು, ಬೆಳೆಯಲ್ಲಿ ಅರ್ಧವನ್ನು ಒಡೆಯನಿಗೆ ಕೊಟ್ಟು, ಮಿಕ್ಕುದರಿಂದ ಸುಖವಾಗಿ ಬಾಳುತ್ತಿದ್ದವು. ಈ ಪಾಲುಗಾರಿಕೆಯೂ ನಿಂತುಹೋಯಿತು. ಮನೆಮಂದಿಯೆಲ್ಲಾ ಒಡೆಯನ ಆಳುಗಳಾಗಬೇಕು, ಇಲ್ಲವೆ ಹೊಲವನ್ನು ಬಿಟ್ಟು ಹೊರಡಬೇಕು. ಹೀಗೆ ನಿನ್ನೆಯ ಬೇಸಾಯಗಾರನು ಅಗ್ಗದ ಕೂಲಿಯವನಾದನು.

ಪ್ಲಾಟ್ಯೆಯವರು ಬೈಸಿಕಲ್ ಏರಿ ಆ ಸೀಮೆಯಲ್ಲಿ ಸಂಚರಿಸಿದರು. ನೆಲೆಯಿಲ್ಲದ ಕುಟುಂಬಗಳು ಚಳಿಯಲ್ಲಿ ದಾರಿಗುಂಟ ಅಲೆಯುವುದನ್ನೂ ಅವರ ದನಕುರಿಗಳು ಮೇವಿಲ್ಲದೆ ಸಾಯುವುದನ್ನೂ ಕಂಡರು. ದಾರಿಯಲ್ಲಿ ಕೂಸನ್ನು ಕಳಕೊಂಡ ತಂದೆತಾಯಿಗಳು, ಹೂಳಲು ಸ್ವಂತ ನೆಲವಿಲ್ಲದೆ, ರಾತ್ರಿಯಲ್ಲಿ ಕದ್ದು ಪರರ ನೆಲದಲ್ಲಿ ಮಣ್ಣುಮಾಡಿದ ಸಂಗತಿಯನ್ನೂ ಬರೆದಿಟ್ಟರು.

1914ರಲ್ಲಿ ಇವರು ಸಂಗಡಿಗರೊಡನೆ ಇಂಗ್ಲೆಂಡಿಗೆ ಹೋಗಿ ಮೊರೆಯಿಟ್ಟರೂ ಅಲ್ಲಿಯ ಸರಕಾರವು ಕೈಹಾಕಲಿಲ್ಲ. ಆದರೂ ಎದೆಗುಂದದೆ, ತಾವು ಕಂಡುದನ್ನೆಲ್ಲಾ 1916ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮುಂದೆ ಶೇಕ್ಸ್‌ಪಿಯರನ ನಾಟಕಗಳನ್ನು ತ್ಸ್ವಾನ ಭಾಷೆಗೆ ತಿರುಗಿಸಿದರು. 1932ನೆಯ ಜೂನ್ 19ರಂದು, ಕಾಯಿದೆಯು ಜಾರಿಗೆ ಬಂದು ಸರಿಯಾಗಿ 19 ವರುಷ ತುಂಬಿದ ದಿನವೇ, ತೀರಿಕೊಂಡರು.

1936ರಲ್ಲಿ ಆ ಪಾಲನ್ನು ನೂರಕ್ಕೆ ಸುಮಾರು 13ಕ್ಕೆ ಏರಿಸಲು ಗೊತ್ತಾಯಿತು. 1991ರಲ್ಲಿ ಕಾಯಿದೆಯೇ ರದ್ದಾಯಿತು. ಆದರೆ 2017ರ ಸರಕಾರಿ ಲೆಕ್ಕದಂತೆ, ಖಾಸಗಿ ವ್ಯಕ್ತಿಗಳ ಹೆಸರಿನಲ್ಲಿದ್ದ ಸಾಗುವಳಿ ಭೂಮಿಯಲ್ಲಿ ನೂರಕ್ಕೆ 72 ಪಾಲು ಬಿಳಿಯರದಾಗಿತ್ತು. ಕಾಯಿದೆಯನ್ನು ಅಳಿಸಿದ ಮಾತ್ರಕ್ಕೆ ಅದು ಕಿತ್ತುಕೊಂಡ ನೆಲವು ತಿರುಗಿ ಬರುವುದಿಲ್ಲ. ಆದಕಾರಣ, ಪ್ರಿಯ ವಾಚಕರೇ, ಬಡವನನ್ನು ಹಳಿಯುವ ಮೊದಲು ಅವನ ಅಜ್ಜನ ಹೊಲವು ಏನಾಯಿತೆಂದು ನಾವು ವಿಚಾರಿಸೋಣ.