ಗುಬ್ಬಿ ವೀರಣ್ಣ

ಗುಬ್ಬಿ ವೀರಣ್ಣ (1891–1972) ಕನ್ನಡ ವೃತ್ತಿ ರಂಗಭೂಮಿಯ ಹೆಸರಾಂತ ನಟರು, ನಾಟಕ ಕಂಪನಿಯ ಮಾಲೀಕರು ಹಾಗೂ ಚಲನಚಿತ್ರ ನಿರ್ಮಾಪಕರು. ಸಂಗೀತವೇ ಜೀವಾಳವಾಗಿದ್ದ ಕಂಪನಿ ನಾಟಕದಿಂದ ಮೂಕಿ ಚಿತ್ರಕ್ಕೂ, ಅಲ್ಲಿಂದ ವಾಕ್ಚಿತ್ರಕ್ಕೂ ಸಾಗಿದ ಕಲಾವಿದರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ವೀರಣ್ಣನವರ ಊರು ತುಮಕೂರು ಜಿಲ್ಲೆಯ ಗುಬ್ಬಿ. 1884ರಲ್ಲಿ ಅಲ್ಲಿ ಸ್ಥಾಪನೆಯಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಇವರು ಬಾಲ್ಯದಲ್ಲಿಯೇ ಸೇರಿದರು. 1917ರಲ್ಲಿ ಅದರ ಮಾಲೀಕರಾದರು. ಹಾಸ್ಯಪಾತ್ರಗಳಿಗೆ, ವಿಶೇಷವಾಗಿ 'ಸದಾರಮೆ' ನಾಟಕದ ಕಳ್ಳನ ಪಾತ್ರಕ್ಕೆ ಇವರು ಪ್ರಸಿದ್ಧರು. 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನು ರಂಗದ ಮೇಲೆ ತಂದರು.

ಮೂಕಿ ಚಿತ್ರಗಳು

ಕಂಪನಿ ನಾಟಕದ ನಟರಿಗೆ ಅಭಿನಯದಷ್ಟೇ ಗಾಯನವೂ ಅಗತ್ಯವಾಗಿತ್ತು. ಕಾಲು ಹಾರ್ಮೋನಿಯಂ, ತಬಲಗಳ ಜೊತೆ ಹಾಡಿದ ರಂಗಗೀತೆಗಳಿಗೆ ಪ್ರೇಕ್ಷಕರು ಒನ್ಸ್‌ಮೋರ್ ಕೇಳುವುದು ವಾಡಿಕೆಯಾಗಿತ್ತು. ಮೂಕಿ ಚಿತ್ರದಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಫ್ರಾನ್ಸಿನ ಗೋಮೊಂ ಸಂಸ್ಥೆಯು 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಗಾಯಕರ ಕಿರುಚಿತ್ರಗಳನ್ನು ಗ್ರಾಮಫೋನಿನ ಧ್ವನಿಗೆ ಹೊಂದಿಸಿ ತೋರಿಸಿತ್ತು. ಭಾರತದ ಟೆಂಟುಗಳಲ್ಲಿ ಮತ್ತು ಚಿತ್ರಮಂದಿರಗಳಲ್ಲಿ ಸಾಮಾನ್ಯವಾಗಿ ಪರದೆಯ ಬಳಿ ಕುಳಿತ ವಾದ್ಯಗಾರರೇ ಸಂಗೀತ ಒದಗಿಸುತ್ತಿದ್ದರು.

ಇಂತಹ ಕಾಲದಲ್ಲಿ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಲಕ ಮೂಕಿ ಚಿತ್ರಗಳ ನಿರ್ಮಾಣಕ್ಕೆ ಇಳಿದರು. ಬೆಲ್ಜಿಯಂ ಮೂಲದ ರಾಫೆಲ್ ಆಲ್ಗೊಯೆ ನಿರ್ದೇಶಿಸಿದ 'ಹಿಸ್ ಲವ್ ಅಫೇರ್' (1931) ಚಿತ್ರದಲ್ಲಿ ವೀರಣ್ಣ ಮತ್ತು ಅವರ ಪತ್ನಿ ಬಿ. ಜಯಮ್ಮ ಅಭಿನಯಿಸಿದರು. ಜಯಮ್ಮನವರು ರಂಗಭೂಮಿಯ ಹೆಸರಾಂತ ಗಾಯಕನಟಿಯಾಗಿದ್ದರೂ ಈ ಚಿತ್ರದಲ್ಲಿ ಅವರ ಧ್ವನಿ ಕೇಳುವಂತಿರಲಿಲ್ಲ. ಮರುವರ್ಷ ವೈ. ವಿ. ರಾವ್ ನಿರ್ದೇಶನದ 'ಹರಿಮಾಯಾ' ತಯಾರಾಯಿತು. ಆದರೆ 1931ರ ಮಾರ್ಚ್ 14ರಂದು ಬಿಡುಗಡೆಯಾದ ಹಿಂದಿಯ 'ಆಲಂ ಆರಾ' ಭಾರತದಲ್ಲಿ ವಾಕ್ಚಿತ್ರಗಳ ಯುಗವನ್ನು ಆರಂಭಿಸಿತ್ತು. ಮೂಕಿ ಚಿತ್ರಗಳ ಕಾಲ ಬೇಗನೆ ಮುಗಿಯಿತು.

ವಾಕ್ಚಿತ್ರಗಳು

'ಹರಿಮಾಯಾ' ನಿರ್ದೇಶಿಸಿದ್ದ ವೈ. ವಿ. ರಾವ್ ಅವರೇ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ವನ್ನು ನಿರ್ದೇಶಿಸಿದರು. 1935ರಲ್ಲಿ 'ಸದಾರಮೆ' ಚಲನಚಿತ್ರವಾಯಿತು. ವೀರಣ್ಣನವರು ಅದರಲ್ಲಿ ನಟಿಸಿದರು. ಮೂಕಿ ಚಿತ್ರದಲ್ಲಿ ಕೇಳದೆ ಹೋಗಿದ್ದ ರಂಗಭೂಮಿಯ ಮಾತು ಮತ್ತು ಹಾಡು ಹೀಗೆ ಬೆಳ್ಳಿತೆರೆಯನ್ನು ತಲುಪಿದವು. ಮುಂದೆ 'ಸುಭದ್ರಾ', 'ಜೀವನ ನಾಟಕ', 'ಹೇಮರೆಡ್ಡಿ ಮಲ್ಲಮ್ಮ' ಮುಂತಾದ ಚಿತ್ರಗಳಲ್ಲಿಯೂ ಇವರು ತೊಡಗಿಕೊಂಡರು. ಇವರು ಸಹನಿರ್ಮಾಪಕರಾಗಿದ್ದ 'ಬೇಡರ ಕಣ್ಣಪ್ಪ' (1954) ಚಿತ್ರದಿಂದ ಕಂಪನಿಯ ಕಲಾವಿದ ಮುತ್ತುರಾಜ್, ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ನಾಯಕನಟರಾದರು. ಜಿ. ವಿ. ಅಯ್ಯರ್ ಮತ್ತು ನರಸಿಂಹರಾಜು ಸಹ ಅದೇ ಕಂಪನಿಯಲ್ಲಿ ಪಳಗಿದವರು. ಕಂಪನಿಯ ಕಲಾವಿದರನ್ನೂ ಪ್ರೇಕ್ಷಕರನ್ನೂ ತನ್ನತ್ತ ಸೆಳೆದುಕೊಂಡ ಸಿನಿಮಾ, ವೃತ್ತಿ ನಾಟಕ ಕಂಪನಿಗಳಿಗೆ ಪ್ರಬಲ ಪೈಪೋಟಿಯೂ ಆಯಿತು.

ಗೌರವ ಮತ್ತು ನಿಧನ

ವೀರಣ್ಣನವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಗೌರವ ದೊರೆಯಿತು. 'ಕಲೆಯೇ ಕಾಯಕ' ಇವರ ಆತ್ಮಕಥೆ. 1972ರ ಅಕ್ಟೋಬರ್ 18ರಂದು ನಿಧನರಾದರು. ರಂಗಭೂಮಿಯ ಸಾಧಕರಿಗೆ ಕರ್ನಾಟಕ ಸರ್ಕಾರ ನೀಡುವ ಪ್ರಶಸ್ತಿಯೊಂದು ಇವರ ಹೆಸರಿನಲ್ಲಿದೆ.